ಬಿಸಿಲ ನಾಡಂತ ಥರ್ಮೋಸ್ಟಾಟ್ ತಗಸಬ್ಯಾಡ್ರಿ

ಅಕ್ಕಾರ, ತಂಗೆಂದಿರ, ಈ ಸಲ ಅಡಗಿ ಮಾತು ಬಿಟ್ಟು ಕಾರಿನ ಮಾತು ಹೇಳ್ತೀನಿ. ನಗಬ್ಯಾಡ್ರಿ. ಗಾಡಿ ಹೊಡಿಯೋರು ಗಂಡಸರು ಇರಬಹುದು, ಆದ್ರ ಅದು ದಾರ್ಯಾಗ ನಿಂತ್ರ ಮೊಮ್ಮಗನ್ನ ತೊಡಿ ಮ್ಯಾಲ ಹಾಕ್ಕೊಂಡು ಬಿಸಲಾಗ ಕೂಡೋರು ನಾವ.

ಹ್ವಾದ ವರ್ಷ ಏಪ್ರಿಲ್ ತಿಂಗಳದಾಗ ಹುಬ್ಬಳ್ಳಿಯಿಂದ ಊರಿಗೆ ಬರೋವಾಗ, ಕುಳಗೇರಿ ಕ್ರಾಸ್ ದಾಟಿದ ಮ್ಯಾಲ ನಮ್ಮ ಹಳೇ ಕಾರು ಹೀಟ್ ಆಗಿ ನಿಂತು ಬಿಡ್ತು. ಬಾನೆಟ್ ಒಳಗಿಂದ ಬುಸ್ ಅಂತ ಉಗಿ. ಮಿಸ್ತ್ರಿ ಬಂದು ನೋಡಿದಾಂವನ, "ಥರ್ಮೋಸ್ಟಾಟ್ ತಗದ ಬಿಡ್ತೀನ್ರಿ, ಅದು ಚಳಿ ದೇಶದವರಿಗೆ ಬೇಕು, ನಮ್ಮ ಬಿಸಲಿಗೆ ಯಾಕ?" ಅಂದ. ನಮ್ಮನಿಯವರೂ ಹೂಂ ಅಂದ್ರು. ತಗದ ವಾಲ್ ಡಿಕ್ಕ್ಯಾಗ ಬಿತ್ತು.

ಆಮ್ಯಾಲ ಕಾಟಾ ಮ್ಯಾಲ ಏರಲೇ ಇಲ್ಲ. ಎಲ್ಲಾರೂ ಖುಷಿ. ಆದ್ರ ಪೆಟ್ರೋಲ್ ಮಾತ್ರ ಜಾಸ್ತಿ ಕುಡ್ಯಾಕ ಹತ್ತಿತು. ಬನದ ಹುಣ್ಣಿಮಿಗೆ ಬನಶಂಕರಿ ಜಾತ್ರಿಗೆ ನಸುಕಿನ್ಯಾಗ ಹೊಂಟಾಗ, ಬಾದಾಮಿ ಬಂದ್ರೂ ಕಾಟಾ ತಳದಾಗ ಇತ್ತು.

ಡಿಪ್ಲೊಮಾ ಓದಿದ ನಮ್ಮ ತಮ್ಮನ ಮಗ ತಿಳಿಸಿ ಹೇಳಿದ. ರೊಟ್ಟಿ ಹಂಚು ನೋಡ್ರಿ. ಕಾಯದಿದ್ರ ರೊಟ್ಟಿ ಉಬ್ಬೂದಿಲ್ಲ, ಹೆಚ್ಚು ಕಾದ್ರ ಸೀದು ಹೋಗ್ತೈತಿ. ಇಂಜಿನ್ನೂ ಹಂಗ. ಅದಕ್ಕ 80-90 ಡಿಗ್ರಿ ಸುತ್ತ ಕಾವು ಬೇಕು. ಥರ್ಮೋಸ್ಟಾಟಿನ ಒಳಗ ಮೇಣ ಇರ್ತೈತಿ. ಕಾವು ಹತ್ತಿದ್ರ ಮೇಣ ಕರಗಿ ಉಬ್ಬಿ ಬಾಗಲಾ ತಗಿತೈತಿ, ಆವಾಗ ನೀರು ರೇಡಿಯೇಟರಿಗೆ ಹೋಗಿ ಆರತೈತಿ. ಬಾಗಲಾನ ಇಲ್ಲಂದ್ರ ಇಂಜಿನ್ ಲಗೂ ಕಾಯೂದಿಲ್ಲ. ಇನ್ನೂ ತಣ್ಣಗ ಐತಿ ಅಂತ ತಿಳದು ಗಾಡಿ ಪೆಟ್ರೋಲ್ ಹೆಚ್ಚು ಸುರೀತೈತಿ. ಆಯಿಲ್‌ನ್ಯಾಗ ಕೂತ ನೀರಿನ ಪಸಿ ಆರೂದಿಲ್ಲ, ಒಳಗ ಸವಕಳಿ ಜಾಸ್ತಿ.

ಹಂಗಾದ್ರ ಆ ವಾಲ್ ಕೆಟ್ಟಿತ್ತೇನು? ನೋಡೇ ಬಿಡೂಣು ಅಂತ ಒಂದು ಹಳೇ ಪಾತೇಲಿಯೊಳಗ ನೀರು ಹಾಕಿ, ವಾಲಿಗೆ ದಾರ ಕಟ್ಟಿ ಇಳಿಬಿಟ್ಟು ಗ್ಯಾಸ್ ಹಚ್ಚಿದೆ. ನೀರು ಕುದಿಯೂದರೊಳಗ ನಿಧಾನಕ ಬಾಯಿ ತಗೀತು. ಹೊರಗ ಆರಾಕ ಇಟ್ಟೆ, ತಾನ ಮುಚ್ಚಿಕೊಂತು. ಗಟ್ಟಿಮುಟ್ಟ ಇತ್ತವ್ವಾ! ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗ ಆಗಿತ್ತು ನಮ್ಮ ಕತಿ.

ಖರೇ ಕಳ್ಳ ಯಾರು ಗೊತ್ತೇನ್ರಿ? ನಮ್ಮ ಮನಿ ಬೋರಿನ ನೀರು. ಕೂಲಂಟ್ ತುಟ್ಟಿ ಅಂತ ನಾವ ವರ್ಷಗಟ್ಟಲೆ ಅದನ್ನ ಸುರದಿದ್ವಿ. ನೀರು ಕಾಸೂ ಹಂಡೆದಾಗ ಬಿಳೇ ಪೊರಿ ಕೂಡತೈತಲ್ಲ, ಅದ ರೇಡಿಯೇಟರಿನ ಸಣ್ಣ ನಳಿಗೋಳದಾಗ ಕೂತಿತ್ತು. ವಾಲ್ ತಗದದ್ದಕ್ಕ ಚಳಿಗಾಲದಾಗ ಆ ರೋಗ ಮುಚ್ಚಿಹೋಗಿತ್ತು, ಅಷ್ಟ. ಈ ಬ್ಯಾಸಗ್ಯಾಗ ಎಸಿ ಹಾಕಿದ ಕೂಡಲೇ ಮತ್ತ ಹೀಟ್. ರೇಡಿಯೇಟರ್ ಬದಲಿ ಮಾಡಿಸಿ, ಕೂಲಂಟ್ ಹಾಕಿಸಿ, ಅದ ವಾಲ್ ಹೊಸಾ ರಬ್ಬರ್ ಕೂಡಿಸಿ ತಿರುಗಿ ಹಾಕಿಸಿದ ಮ್ಯಾಲ ಕಾಟಾ ಈಗ ನಡುವ ನಿಂದರತೈತಿ.

ಅದಕ್ಕ ನನ್ನ ಮಾತು ಇಷ್ಟ. ತಗದು ಒಗಿಯೂದು ರಿಪೇರಿ ಅಲ್ಲ. ವಾಲ್ ಮುಚ್ಚಿದಲ್ಲೇ ಸಿಕ್ಕಿಕೊಂಡು ದಾರ್ಯಾಗ ಗಾಡಿ ನಿಂತ್ರ, ಮನಿ ಮುಟ್ಟೂದಕ್ಕ ತಗಸ್ರಿ, ಬ್ಯಾಡ ಅನ್ನೂದಿಲ್ಲ. ಮರುದಿನ ಹೊಸಾದು ಹಾಕಸ್ರಿ. "ಹೀಟ್ ಯಾಕ ಆತು?" ಅಂತ ಮಿಸ್ತ್ರಿನ್ನ ಕೇಳ್ರಿ. ನೀರು ಸೋರತೈತೇನು, ಫ್ಯಾನ್ ತಿರಗತೈತೇನು, ರೇಡಿಯೇಟರ್ ಕಟ್ಟೈತೇನು, ಉತ್ತರ ಸಿಗೂತನಕ ರೊಕ್ಕ ಕೊಡಬ್ಯಾಡ್ರಿ.

ಇನ್ನೊಂದು. ಕಾಟಾ ಕೆಂಪಿನ ಕಡೆ ಹೊಂಟ್ರ ಬಾಜೂಕ ಕೂತ ನೀವ ಮೊದಲ ಹೇಳ್ರಿ, "ನಿನಗೇನ ತಿಳಿತೈತಿ" ಅಂದ್ರೂ ಬಿಡಬ್ಯಾಡ್ರಿ. ಎಸಿ ಬಂದ್ ಮಾಡಿ, ಬಾಜೂಕ ಹಚ್ಚಿ, ಇಂಜಿನ್ ಆರಸ್ರಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳಕ್ಕ ಕೈ ಹಚ್ಚಾಕ ಯಾರನ್ನೂ ಬಿಡಬ್ಯಾಡ್ರಿ. ಸೀಟಿ ಕೂಗೂ ಕುಕ್ಕರಿನ ಮುಚ್ಚಳ ನಾವು ತಗಿತೀವೇನು? ಅದೂ ಹಂಗ, ಕುದಿಯೂ ನೀರು ಮುಖಕ್ಕ ಸಿಡಿತೈತಿ. ಗಾಡಿ ಹೋದ್ರ ಮತ್ತೊಂದು ಬರ್ತೈತಿ, ಕಣ್ಣು ಬರೂದಿಲ್ಲ.