ಬರೆದಿಡೋದು ಸುಲಭ, ಹುಡುಕೋದು ಕಷ್ಟ

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ, "ನೋಟ್ಸ್ ಬರೆದಿಡೋಕೆ ಯಾವ ಆಪ್ ಒಳ್ಳೇದು ಮಾರಾಯಾ?" ಅಂತ ಕೇಳಿದ. "ನೀನು ಬರೆಯೋದೇನು? ಆಮೇಲೆ ಅದನ್ನ ಹೇಗೆ ಹುಡುಕ್ತೀಯ?" ಅಂತ ತಿರುಗಿ ಕೇಳಿದೆ. ಅವನಿಗೆ ಸಿಟ್ಟು. ಒಂದು ಹೆಸರು ಹೇಳೋಕೆ ಇಷ್ಟು ದೊಡ್ಡ ರಾಮಾಯಣ ಯಾಕೆ ಅಂತ!

ರಾಮಾಯಣಕ್ಕೆ ಕಾರಣ ಇದೆ. 2006ರಲ್ಲಿ ಊರಿಗೆ ಹೋದಾಗ ಅಜ್ಜನ ಪಕ್ಕ ಕೂತು ಅಡಿಕೆ ತೋಟದ ಪದಗಳನ್ನೆಲ್ಲ ಬರೆದುಕೊಂಡಿದ್ದೆ. ಸೋಗೆ, ಹಾಳೆ, ದಬ್ಬೆ, ಗೋಟು... ಒಂದೊಂದರ ಹಿಂದೆಯೂ ಅಜ್ಜನ ಒಂದು ಕಥೆ. ಬೆಂಗಳೂರಿಗೆ ಬಂದು ಎಲ್ಲವನ್ನೂ ಆಗಿನ ಒಂದು ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿ ಸೀಡಿಗೆ ಹಾಕಿಟ್ಟೆ. ಬರೆದ ಪುಸ್ತಕ ರದ್ದಿಗೆ ಹೋಯಿತು. ಅಜ್ಜನೂ ಹೋದರು. ಎಷ್ಟೋ ವರ್ಷದ ಮೇಲೆ ಫೈಲ್ ತೆರೆದರೆ ಕನ್ನಡವೇ ಇಲ್ಲ! ಬರೀ ಇಂಗ್ಲಿಷ್ ಅಕ್ಷರಗಳ ಸಂತೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಫಾಂಟ್ ಇಲ್ಲ ಅಂದ್ರೆ ಕನ್ನಡವೂ ಇಲ್ಲ. ಹೇಗೋ ಯೂನಿಕೋಡಿಗೆ ಪರಿವರ್ತಿಸಿದೆ, ಬಹುಪಾಲು ಸಿಕ್ಕಿತು. ಆದರೆ ಒತ್ತಕ್ಷರಗಳು ಕಲಸಿಹೋದ ನಾಲ್ಕಾರು ಪದಗಳು ಏನೆಂದು ಇವತ್ತಿಗೂ ಗೊತ್ತಾಗಿಲ್ಲ. ಕೇಳೋಣ ಅಂದ್ರೆ ಅಜ್ಜ ಇಲ್ಲ.

ಹಾಗಾಗಿ ಯಾವ ಆಪ್ ನೋಡಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಇದರಿಂದ ಹೊರಗೆ ಬರೋ ದಾರಿ ಹೇಗಿದೆ? ದೊಡ್ಡವರದೂ ಶಾಶ್ವತವಲ್ಲ. ಗೂಗಲ್ ನೋಟ್‌ಬುಕ್ 2012ರಲ್ಲಿ ಮುಚ್ಚಿತು. 2023ರ ಕೊನೆಗೆ ಎವರ್‌ನೋಟ್ ತನ್ನ ಉಚಿತ ಖಾತೆಗೆ 50 ಟಿಪ್ಪಣಿಗಳ ಮಿತಿ ಹಾಕಿತು. ತಪ್ಪು ಅನ್ನೋಲ್ಲ, ಅವರೂ ಹೊಟ್ಟೆ ಹೊರೆಯಬೇಕಲ್ಲ. ನಮ್ಮ ಗಂಟು ಕಟ್ಟಿಕೊಂಡು ಹೊರಡೋಕೆ ಆಗಬೇಕು ಅಷ್ಟೇ.

ಎರಡನೇ ಪ್ರಶ್ನೆ ನಮ್ಮ ಕನ್ನಡದ್ದು. "ಗೋಟು" ಅಂತ ಹುಡುಕಿದರೆ "ಗೋಟಿನ ರೇಟು" ಅಂತ ಬರೆದದ್ದು ಸಿಗೋದಿಲ್ಲ. ವಿಭಕ್ತಿ ಸೇರಿದ ಕೂಡಲೇ ನಮ್ಮ ಪದದ ಬಾಲವೇ ಬದಲಾಗುತ್ತೆ, ಯಂತ್ರಕ್ಕೆ ಅದು ಬೇರೆ ಪದ. "ಗೋಟ" ಅಂತ ಅರ್ಧ ಹುಡುಕಿದರೆ ಕೆಲವು ಕಡೆ ಸಿಗುತ್ತೆ, ಕೆಲವು ಕಡೆ ಇಲ್ಲ. ಇದನ್ನು ಯಾವ ಇಂಗ್ಲಿಷ್ ವಿಮರ್ಶೆಯೂ ನಿಮಗೆ ಹೇಳೋಲ್ಲ. ಹತ್ತು ಕನ್ನಡ ಟಿಪ್ಪಣಿ ಹಾಕಿ, ನೀವೇ ಹುಡುಕಿ ನೋಡಬೇಕು.

ಮೂರನೆಯದು ನಿಮ್ಮ ಸ್ವಭಾವ. ಬಸ್ಸಲ್ಲಿ ನಿಂತಾಗ ಹೊಳೆದದ್ದನ್ನು ಚೀಟಿಯಂತೆ ಅಂಟಿಸಿಡೋರಿಗೆ ಗೂಗಲ್ ಕೀಪ್ ಸಾಕು. ಪುಟದಲ್ಲಿ ಎಲ್ಲಿ ಬೇಕಾದರೂ ಗೀಚೋರಿಗೆ ಒನ್‌ನೋಟ್. ಎಲ್ಲಕ್ಕೂ ಕೋಷ್ಟಕ ಹಾಕೋ ಶಿಸ್ತಿನವರಿಗೆ ನೋಷನ್. ನಾನು ಆ ಶಿಸ್ತಿನವನಲ್ಲ. ಒಂದು ತಿಂಗಳು ಬಣ್ಣಬಣ್ಣದ ಕೋಷ್ಟಕ ಮಾಡಿದ್ದೇ ಬಂತು, ಒಂದು ಸಾಲೂ ಬರೆಯಲಿಲ್ಲ. ನಗಬೇಡಿ, ನಿಮಗೂ ಹೀಗೆ ಆಗಿರುತ್ತೆ!

ಈಗ ನನ್ನದು ಎರಡೇ. ಸಾಮಾನಿನ ಪಟ್ಟಿ, ತಟ್ಟನೆ ಹೊಳೆದದ್ದು ಎಲ್ಲ ಕೀಪ್‌ಗೆ. ಉಳಿಯಬೇಕಾದ್ದು ಅಬ್ಸಿಡಿಯನ್‌ಗೆ. ಅದು ಎಲ್ಲವನ್ನೂ ನಮ್ಮದೇ ಕಂಪ್ಯೂಟರಿನ ಫೋಲ್ಡರಿನಲ್ಲಿ ಸಾದಾ ಪಠ್ಯದ ಫೈಲುಗಳಾಗಿ ಇಡುತ್ತೆ. ನಾಳೆ ಆಪ್ ಹೋದರೂ ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ಬ್ಯಾಕಪ್ ಮಾತ್ರ ನಮ್ಮದೇ ತಲೆನೋವು. ಪ್ರತಿ ಟಿಪ್ಪಣಿಯ ಕೆಳಗೆ ಮೂಲ ಪದವನ್ನು ವಿಭಕ್ತಿ ಇಲ್ಲದೆ ಒಮ್ಮೆ ಬರೆದುಬಿಡುತ್ತೇನೆ, ಹುಡುಕಿದಾಗ ಸಿಗಲಿ ಅಂತ.

ಅಜ್ಜನ ಪದಗಳೂ ಈಗ ಅಲ್ಲೇ ಇವೆ. ಅರ್ಥವಾಗದ ಆ ನಾಲ್ಕಾರನ್ನೂ ಅಳಿಸಿಲ್ಲ. ಊರ ಕಡೆಯ ಹಿರಿಯರು ಯಾರಾದರೂ ಸಿಕ್ಕರೆ ತೋರಿಸಬೇಕು.

ನೀವು ಎಲ್ಲಿ ಬರೆದಿಡ್ತೀರಿ? ಅದಕ್ಕಿಂತ ಮುಖ್ಯ, ಬರೆದದ್ದು ಬೇಕಾದಾಗ ಸಿಗುತ್ತಾ? ಹೇಳಿ.