ಗದ್ದಲವೆಂಬ ಆಕ್ಷೇಪಕ್ಕೆ ಉತ್ತರ

ವಿದ್ಯುನ್ಮಾನ ಸಂಗೀತದ ಉಗ್ರ ಪ್ರಯೋಗಗಳೆಲ್ಲವೂ ಪರದೇಶದ ನಗರಗಳ ಗದ್ದಲವೆಂದೂ, ಚಳ್ಳಕೆರೆ ಮೊಳಕಾಲ್ಮೂರುಗಳ ತರುಣರು ಅದನ್ನರಸಿ ಹೋಗುವುದು ಸ್ವಸಂಸ್ಕೃತಿಯ ವಿಸ್ಮರಣೆಯೆಂದೂ ಕಳೆದ ಸಂಚಿಕೆಯ ಲೇಖಕರು ವಿಧಿಸಿರುವ ತೀರ್ಪನ್ನು ನಾನು ಸರ್ವಥಾ ಒಪ್ಪಲಾರೆನು.

ಅವರು ಅದೇ ಸೀಮೆಯ ಮ್ಯಾಸಬೇಡರ ಉರುಮೆವಾದ್ಯವನ್ನು ಸಮೀಪದಿಂದ ಕೇಳಿರುವರೇ? ಒಂದು ಮುಖವನ್ನು ಕೋಲಿನಿಂದ ಬಡಿಯುತ್ತ, ಮತ್ತೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತ, ಶುದ್ಧ ಸ್ವರವೆನ್ನಲೂ ಬರಿಯ ಲಯವೆನ್ನಲೂ ಆಗದ ಆ ಗಂಭೀರ ನರಳಿಕೆಯನ್ನು ವಾದಕನು ಎಬ್ಬಿಸುವಾಗ, ದೇವರ ಮುಂದೆ ನೆರೆದ ಜನಸ್ತೋಮವು ಅದನ್ನು ಮಾಧುರ್ಯದ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ. ಆ ನಾದದ ತೀವ್ರತೆಗೆ ಮೈಯನ್ನೇ ಒಪ್ಪಿಸುವುದು. ಘರ್ಷಣದಿಂದ ಜನಿಸಿ ಏರಿಳಿಯುವ ಈ ಧ್ವನಿಯನ್ನು ಬಾಲ್ಯದಿಂದ ಬಲ್ಲ ಕಿವಿಗೆ ಸಿಂಥಸೈಸರಿನ ಕಾರ್ಕಶ್ಯವು ಅಪರಿಚಿತವಾಗುವುದೆಂತು?

ಪರದೇಶದ್ದೆಂಬ ಮಾತೂ ನಿಲ್ಲದು. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರರ ನೆರವಿನಿಂದ ಮೂಗ್ ಸಿಂಥಸೈಸರ್ ಯಂತ್ರವು ಸ್ಥಾಪಿತವಾಗಿ, ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಅಲ್ಲಿ ರಚಿಸಿದ ಕೃತಿಗಳು ದಶಕಗಳ ಕಾಲ ಸಂಗ್ರಹಾಗಾರದಲ್ಲಿ ಮಲಗಿದ್ದು 2023ರಲ್ಲಿ ಪ್ರಕಟವಾದುವು. ಮುಂಬಯಿಯ ಚರಣ್‌ಜಿತ್ ಸಿಂಗರು 1982ರಲ್ಲಿ ಹತ್ತು ರಾಗಗಳನ್ನು ರೋಲ್ಯಾಂಡ್ ಕಂಪನಿಯ ವಿದ್ಯುನ್ಮಾನ ವಾದ್ಯಯಂತ್ರಗಳಲ್ಲಿ ನುಡಿಸಿದರು. ನಮ್ಮ ಬೆಂಗಳೂರಿನ ವೇಣುವಾದಕ ಜಿ. ರಾಜ್ ನಾರಾಯಣರ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನಂತೂ ಸಂಪ್ರದಾಯನಿಷ್ಠ ಕಚೇರಿಗಳೇ ಅಂಗೀಕರಿಸಿ ಬಹುಕಾಲವಾಯಿತು.

ಈ ಹೆಸರುಗಳನ್ನು ನಮ್ಮ ಪಠ್ಯಗಳಾಗಲಿ ಪತ್ರಿಕೆಗಳಾಗಲಿ ಹೇಳಿಕೊಡದಿರುವಾಗ, ಮೊಳಕಾಲ್ಮೂರಿನ ಮಗ್ಗದ ಮನೆಯೊಳಗಿಂದ ತಾನಾಗಿಯೇ ಅವನ್ನು ಹುಡುಕಿ ತೆಗೆದ ತರುಣನನ್ನು ಸಂಸ್ಕೃತಿಭ್ರಷ್ಟನೆಂದು ಗದರಿಸುವುದು ಅನ್ಯಾಯ. ಲೇಖಕರು ಆ ಮಾತನ್ನು ಹಿಂತೆಗೆದುಕೊಳ್ಳಬೇಕು.