ಹೇಳಿದ ಮಾತು ಕೇಳದವರು ಯಾರು?

ಮೊನ್ನೆ ದೀಪಾವಳಿಗೆ ಮೆಲ್ಬರ್ನ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಹೋಳಿಗೆ ಬಡಿಸುತ್ತಿದ್ದವರೊಬ್ಬರು ನನ್ನ ಕೆಲಸ ಯಾವುದೆಂದು ಕೇಳಿದರು. ಮಧ್ಯ ಆಸ್ಟ್ರೇಲಿಯದ ಮರುಭೂಮಿಯಲ್ಲಿ, ಮೂಲನಿವಾಸಿಗಳ ಊರೊಂದರ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದೆ ಎಂದೆ. "ಅಯ್ಯೋ, ಆ ಜನಕ್ಕೆ ಸರ್ಕಾರ ಎಷ್ಟು ಮಾಡಿದರೂ ಅಷ್ಟೇ ಬಿಡಿ. ಹೇಳಿದ ಮಾತೇ ಕೇಳೋದಿಲ್ಲವಂತೆ" ಎಂದರು. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ಒಂದು ಕಾಲಕ್ಕೆ ನಾನೂ ಅದೇ ಮಾತಾಡಿದವಳು.

ಅಂಥ ದೂರದ ಊರುಗಳಲ್ಲಿ ಹೆರಿಗೆ ಮಾಡಿಸುವುದಿಲ್ಲ. ಸುಮಾರು 38ನೇ ವಾರಕ್ಕೆ ಬಸುರಿಯನ್ನು ನೂರಾರು ಕಿಲೋಮೀಟರ್ ಆಚೆಯ ಪಟ್ಟಣಕ್ಕೆ ಕಳಿಸುತ್ತಾರೆ. ನೋವು ಬರುವವರೆಗೆ ಅಲ್ಲಿ ಗುರುತು ಪರಿಚಯವಿಲ್ಲದವರ ನಡುವೆ ಕಾಯಬೇಕು. ಒಬ್ಬ ಹುಡುಗಿ ವಿಮಾನ ಹತ್ತಲಾರೆ ಎಂದಳು. "ನಿನಗೆ ಮಗು ಬೇಕೋ ಬೇಡವೋ?" ಎಂದು ಗದರಿದೆ. ಅವಳು ನೆಲ ನೋಡುತ್ತ ಕುಳಿತಳು. "ಸಹಕರಿಸುವುದಿಲ್ಲ" ಎಂದು ಕಾಗದದಲ್ಲಿ ಬರೆದೆ.

ನಮ್ಮ ಆರೋಗ್ಯ ಕಾರ್ಯಕರ್ತೆ ಅದೇ ಊರಿನವರು. ಹಿರಿಯರಾದ್ದರಿಂದ ಅಲ್ಲಿನ ರೂಢಿಯಂತೆ ಎಲ್ಲರೂ 'ಆಂಟಿ' ಎನ್ನುತ್ತಿದ್ದೆವು. ಅವರು ನನ್ನನ್ನು ಹೊರಗೆ ಕರೆದರು. "ಅವಳು ತಲೆ ತಗ್ಗಿಸಿದ್ದು ಹಟದಿಂದಲ್ಲ, ಮರ್ಯಾದೆಯಿಂದ. ಅವಳ ಅಜ್ಜಿಯ ತಂಗಿಯನ್ನು ಸರ್ಕಾರದವರು ಗಾಡಿ ಹತ್ತಿಸಿಕೊಂಡು ಹೋದರು. ಆ ಮಗು ತಿರುಗಿ ಬರಲಿಲ್ಲ. ಈಗ ನೀನು ವಿಮಾನ ಹತ್ತು ಅಂತೀಯ. ಮನೆಯಲ್ಲಿರುವ ಎರಡು ವರ್ಷದ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದೆಯಾ?" ಎಂದರು. ಆಮೇಲೆ, "ನಿಮ್ಮಲ್ಲಿ ಹೆರಿಗೆಗೆ ಎಲ್ಲಿಗೆ ಹೋಗುತ್ತೀರಿ?"

ತವರಿಗೆ ಎನ್ನಲು ನಾಚಿಕೆಯಾಯಿತು. ಅಮ್ಮನ ಕೈಯ ಎಣ್ಣೆನೀರು, ಸಾಂಬ್ರಾಣಿ ಹೊಗೆ ಇಲ್ಲದ ಬಾಣಂತನವನ್ನು ನಾವು ಊಹಿಸಿಕೊಳ್ಳಬಲ್ಲೆವೇ? ಅವರಲ್ಲೂ ಹುಟ್ಟಿದ ಮಗುವಿಗೆ ಅಜ್ಜಿಯರು ಎಲೆ ಸುಟ್ಟು ಹೊಗೆ ಹಾಕುತ್ತಾರೆ!

ಆ ಸಂಜೆ ಆಂಟಿ ಅವಳ ಮನೆಯಂಗಳದಲ್ಲಿ ಕುಳಿತರು. ಕೂಸಿಗೆ ಅಕ್ಕನ ಮನೆ, ಜೊತೆಗೆ ಹೋಗಲು ಚಿಕ್ಕಮ್ಮ ಎಂದು ಗೊತ್ತಾಯಿತು. ಮರುದಿನ ಹುಡುಗಿ ತಾನಾಗಿ ವಿಮಾನ ಹತ್ತಿದಳು. ಕಾಗದದಲ್ಲಿ ಮಾತ್ರ ನನ್ನ ಸಹಿಯೇ ಇತ್ತು. ಆಂಟಿಯ ಸಂಬಳ ನನ್ನದಕ್ಕಿಂತ ಕಡಿಮೆ. ಹೊಸದಾಗಿ ಬಂದ ಡಾಕ್ಟರರಿಗೆ ಅವರು ಬರೀ 'ಸಹಾಯಕಿ'.

ವಿಮಾನವೇ ಬೇಡವೆಂದು ನಾನು ವಾದಿಸುತ್ತಿಲ್ಲ. ರಕ್ತಸ್ರಾವವಾದರೆ ಮರುಭೂಮಿಯಲ್ಲಿ ಮಾಡುವುದೇನು? ಆದರೆ ಬಸುರಿಯ ಜೊತೆ ತನ್ನವರೊಬ್ಬರು ಹೋಗುವುದು ಉಪಕಾರವಲ್ಲ, ಅವಳ ಹಕ್ಕು. ಅದನ್ನು ತೀರ್ಮಾನಿಸುವ ಮೇಜಿನಲ್ಲಿ ಆಂಟಿಗೊಂದು ಕುರ್ಚಿ ಬೇಕು.

ಆ ಜನ ಸುಮ್ಮನೆ ಕೈಚಾಚಿ ಕುಳಿತವರಲ್ಲ. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ತಮ್ಮದೇ ವೈದ್ಯಕೀಯ ಸೇವೆ ಕಟ್ಟಿದರು. 1973ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ತಮ್ಮ ಸಂಸ್ಥೆ ಹುಟ್ಟುಹಾಕಿದರು. ಬ್ರಿಸ್ಬೇನ್‌ನಲ್ಲಿ 2013ರಿಂದ ಅವರ ಸಂಸ್ಥೆಗಳೂ ಆಸ್ಪತ್ರೆಯೂ ಕೂಡಿ, ಒಬ್ಬ ಬಸುರಿಗೆ ಮೊದಲಿನಿಂದ ಕಡೆಯವರೆಗೆ ಅದೇ ಸೂಲಗಿತ್ತಿ ನರ್ಸು ಎಂಬ ಏರ್ಪಾಡು ಮಾಡಿದಾಗ, ದಿನ ತುಂಬದೆ ಹುಟ್ಟುವ ಮಕ್ಕಳ ಸಂಖ್ಯೆ ಇಳಿಯಿತು. ಆದರೂ ತರಬೇತಿ ಪಡೆದು ಮದ್ದು ಕೊಡುವ ಆಂಟಿಯಂಥವರ ಕೆಲಸವನ್ನು ದೇಶಾದ್ಯಂತ ನೋಂದಾಯಿತ ವೃತ್ತಿಯೆಂದು ಒಪ್ಪಲು 2012 ಬರಬೇಕಾಯಿತು. ಮಕ್ಕಳನ್ನು ಕಸಿದದ್ದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2008ರಲ್ಲಿ. ತಮ್ಮ ವಿಷಯದಲ್ಲಿ ತಮ್ಮ ಮಾತನ್ನು ಸಂಸತ್ತು ಆಲಿಸಲಿ ಎಂದು ಅವರು ಕೇಳಿದಾಗ, 2023ರ ಜನಮತಗಣನೆಯಲ್ಲಿ ನೂರಕ್ಕೆ ಅರವತ್ತು ಮಂದಿ ಬೇಡವೆಂದರು. 2020–22ರ ಲೆಕ್ಕದಂತೆ ಅಲ್ಲಿನ ಮೂಲನಿವಾಸಿ ಹೆಣ್ಣಿನ ಆಯುಷ್ಯ ಉಳಿದವರಿಗಿಂತ ಎಂಟು ವರ್ಷ ಕಡಿಮೆ.

ಇಷ್ಟನ್ನೂ ಅಂದು ಹೋಳಿಗೆ ಬಡಿಸಿದವರಿಗೆ ಹೇಳಿದೆ. "ನಮಗೆ ಇದೆಲ್ಲ ಯಾರು ಹೇಳಿದ್ದರು?" ಎಂದರು. ಆಂಟಿಯಂಥವರು ಹೇಳುತ್ತಲೇ ಇದ್ದಾರೆ, ಅಮ್ಮ. ಹಾಗಾದರೆ ಮಾತು ಕೇಳದವರು ಯಾರು?